ಟೀಚರಮ್ಮನ ಟಪಾಲು: ಎಣಿಕೆಯಲ್ಲಿ ಊರು, ಕೈಮರದಲ್ಲಿ ಬಸ್ಸು

ಈ ಸಲದ ಟಪಾಲಿನಲ್ಲಿ ಮುಕ್ಕಾಲು ಪಾಲು ಕಾಗದಗಳು ಸಣ್ಣ ಊರುಗಳಿಂದ ಬಂದವು. ಸುತ್ತಿ ಬಳಸಿ ಎಲ್ಲರದೂ ಎರಡೇ ಮಾತು. ನಾವು ಎಷ್ಟು ಜನ ಇದ್ದೀವಿ ಅಂತ ಸರ್ಕಾರಕ್ಕೆ ಗೊತ್ತಿದೆಯಾ? ನಮ್ಮೂರಿಗೆ ಬಸ್ಸು ಯಾವಾಗ?

ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ಚಿತ್ರದುರ್ಗ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. 1991, 2001, 2011ರ ಜನಗಣತಿಗೆ ಮನೆ ಮನೆ ಬಾಗಿಲು ಬಡಿದಿದ್ದೇನೆ. ನಮ್ಮ ಯಜಮಾನರು ಬಸ್ ಡಿಪೋದ ಸಂಚಾರ ವಿಭಾಗದಲ್ಲಿ ಇದ್ದವರು. ಮನೆಯಲ್ಲಿ ಒಬ್ಬರು ತಲೆ ಎಣಿಸಿದವರು, ಇನ್ನೊಬ್ಬರು ಟಿಕೆಟ್ ಎಣಿಸಿದವರು. ಕೆಳಗಿನ ಉತ್ತರಗಳಲ್ಲಿ ಅರ್ಧ ಅವರದೇ.

ಪ್ರಶ್ನೆ: ಮೊಬೈಲಿನಲ್ಲಿ ನಮ್ಮೂರಿನ ಹೆಸರು ಹುಡುಕಿದೆ. ಜನಸಂಖ್ಯೆ ನಾನೂರು ಚಿಲ್ಲರೆ ಎಂದು ಬರುತ್ತದೆ. ಈಗ ನಮ್ಮಲ್ಲಿ ಮನೆಗಳೇ ನೂರೈವತ್ತರ ಮೇಲಿವೆ. ಬಸ್ಸು ‘ಊರಿನಲ್ಲಿ ಇಲ್ಲ, 5 ಕಿಲೋಮೀಟರ್ ಒಳಗೆ ಇದೆ’ ಎಂದಿದೆ. ಇದನ್ನು ಬರೆದವರು ಯಾರು? ಸರಿಪಡಿಸುವುದು ಹೇಗೆ?
— ಓದುಗರು, ಹೊಸದುರ್ಗ ತಾಲೂಕು

ಉತ್ತರ: ಅದು ಸುಳ್ಳಲ್ಲ, ಹಳೆಯದು. 2011ರ ಮಾರ್ಚ್ 1ಕ್ಕೆ ನಿಮ್ಮೂರು ಹೇಗಿತ್ತೋ ಅದರ ಲೆಕ್ಕ. 2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾ ಕಾಲದಲ್ಲಿ ಮುಂದೆ ಹೋಯಿತು. ಮುಂದಿನದಕ್ಕೆ 2027ರ ಮಾರ್ಚ್ 1 ಅನ್ನು ಆಧಾರ ದಿನ ಮಾಡಿದ್ದಾರೆ. ಅದರ ಅಂಕಿ ಹೊರಬರುವವರೆಗೂ ಎಲ್ಲಾ ಕಡೆ ಓಡಾಡುವುದು 2011ರ ಅಂಕಿಯೇ. ಅವತ್ತು ಕೈಗೂಸಾಗಿದ್ದ ನಿಮ್ಮೂರ ಹುಡುಗಿ ಈಗ ಹೈಸ್ಕೂಲು ಮುಗಿಸಿದ್ದಾಳೆ. ಕಾಗದದಲ್ಲಿ ಅವಳಿನ್ನೂ ‘0ಯಿಂದ 6 ವರ್ಷ’ದ ಕಲಮಿನಲ್ಲೇ ಇದ್ದಾಳೆ.

ಬಸ್ಸಿನ ವಿಷಯ ಬೇರೆ. ಗಣತಿಯವರು ಪ್ರತಿ ಜಿಲ್ಲೆಗೂ ಒಂದು ಕೈಪಿಡಿ ಮಾಡುತ್ತಾರೆ. ಅದರಲ್ಲಿ ಊರೂರಿನ ಸೌಲಭ್ಯದ ಪಟ್ಟಿ ಇರುತ್ತದೆ. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಅಂಚೆ, ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ರೈಲು, ಆಟೋ, ಡಾಂಬರು ರಸ್ತೆ ಹೀಗೆ. ಸೌಲಭ್ಯ ಊರಿನಲ್ಲಿ ಇದ್ದರೆ ‘ಇದೆ’. ಇಲ್ಲದಿದ್ದರೆ ಹತ್ತಿರದಲ್ಲಿ ಎಷ್ಟು ದೂರಕ್ಕಿದೆ ಎಂದು ಒಂದು ಅಕ್ಷರ. ‘ಎ’ ಅಂದರೆ 5 ಕಿಲೋಮೀಟರಿಗಿಂತ ಕಡಿಮೆ, ‘ಬಿ’ ಅಂದರೆ 5ರಿಂದ 10, ‘ಸಿ’ ಅಂದರೆ 10ಕ್ಕಿಂತ ಜಾಸ್ತಿ.

ಈ ‘ಎ’ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಅರ್ಧ ಕಿಲೋಮೀಟರೂ ಅದೇ ಅಕ್ಷರ, ನಾಲ್ಕೂವರೆ ಕಿಲೋಮೀಟರೂ ಅದೇ ಅಕ್ಷರ. ತುಂಬು ಬಸುರಿಯನ್ನು ಕೈಮರದ ತನಕ ನಡೆಸಿಕೊಂಡು ಹೋದವರಿಗೆ ಇವೆರಡರ ವ್ಯತ್ಯಾಸ ಗೊತ್ತು. ‘ಇದೆ’ ಎನ್ನುವುದೂ ಅಷ್ಟೇ. ದಿನಕ್ಕೆ ಹತ್ತು ಸಲ ಬಸ್ಸು ಬರುವ ಊರಿಗೂ ‘ಇದೆ’, ಬೆಳಿಗ್ಗೆ ಒಂದು ಸಲ ಬಂದು ಹೋಗುವ ಊರಿಗೂ ‘ಇದೆ’.

2011ರ ಅಂಕಿಯನ್ನು ಈಗ ಯಾರೂ ತಿದ್ದುವುದಿಲ್ಲ, ಅದಕ್ಕಾಗಿ ಅಲೆಯಬೇಡಿ. ಇವತ್ತಿನ ಮನೆಗಳ ಲೆಕ್ಕ ಬೇಕಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಕಂದಾಯ ಕಟ್ಟುವ ಮನೆಗಳ ಪಟ್ಟಿ ಇರುತ್ತದೆ. ಗ್ರಾಮಸಭೆಯಲ್ಲಿ ಅದನ್ನು ಓದಿಸಿ, ನಡಾವಳಿಯಲ್ಲಿ ಬರೆಸಿ. ಅರ್ಜಿ ಹಾಕುವಾಗ 2011ರ ಅಂಕಿಯ ಪಕ್ಕದಲ್ಲೇ ಇದನ್ನೂ ಇಡಿ.

ಪ್ರಶ್ನೆ: ನಮ್ಮದು ಗೊಲ್ಲರಹಟ್ಟಿ. ಅರವತ್ತು ಮನೆಗಳಿವೆ. ಗಣತಿಯ ಪಟ್ಟಿಯಲ್ಲಿ ನಮ್ಮ ಹಟ್ಟಿಯ ಹೆಸರೇ ಇಲ್ಲ. ಹಾಗಾದರೆ ನಮ್ಮನ್ನು ಎಣಿಸಿಯೇ ಇಲ್ಲವಾ?
— ಓದುಗರು, ಸಿರಾ ತಾಲೂಕು

ಉತ್ತರ: ಎಣಿಸಿದ್ದಾರೆ. ಆದರೆ ಬೇರೆ ಊರಿನ ಹೆಸರಲ್ಲಿ. ಗಣತಿಗೆ ಹಳ್ಳಿ ಅಂದರೆ ಕಂದಾಯ ಗ್ರಾಮ, ಅಂದರೆ ಸರ್ವೆ ಆಗಿ ಗಡಿ ಕಲ್ಲು ನೆಟ್ಟ, ದಾಖಲೆಯಲ್ಲಿರುವ ಗ್ರಾಮ. ಅದರ ಸೀಮೆಯೊಳಗಿರುವ ಹಟ್ಟಿ, ತಾಂಡಾ, ಕಾಲೊನಿ, ತೋಟದ ಮನೆ ಎಲ್ಲವೂ ಆ ಗ್ರಾಮದ ಲೆಕ್ಕಕ್ಕೇ ಹೋಗುತ್ತವೆ. ನಮ್ಮ ಕಡೆ ಇವನ್ನು ಮಜರೆ ಅನ್ನುತ್ತಾರೆ.

ಇದರ ತಿರುವುಮುರುವೂ ಇದೆ ನೋಡಿ. 2011ರಲ್ಲಿ ಕರ್ನಾಟಕದ ಪಟ್ಟಿಯಲ್ಲಿ 29,340 ಗ್ರಾಮಗಳಿದ್ದವು. ಜನ ವಾಸ ಇದ್ದದ್ದು 27,397ರಲ್ಲಿ. ಉಳಿದವು ಬೇಚರಾಕ್ ಗ್ರಾಮಗಳು. ಹೆಸರಿದೆ, ಗಡಿ ಇದೆ, ಸರ್ವೆ ನಂಬರಿದೆ, ಹಾಳು ಬಿದ್ದ ಒಂದು ಗುಡಿಯೂ ಇರಬಹುದು. ಒಲೆ ಹಚ್ಚುವವರು ಮಾತ್ರ ಯಾರೂ ಇಲ್ಲ. ಅರವತ್ತು ಒಲೆ ಉರಿಯುವ ನಿಮ್ಮ ಹಟ್ಟಿಗೆ ಹೆಸರಿಲ್ಲ, ಒಂದೂ ಉರಿಯದ ಊರಿಗೆ ನಂಬರಿದೆ!

ದಾರಿ ಇಲ್ಲದಿಲ್ಲ. ದಾಖಲೆ ಇಲ್ಲದ ಹಟ್ಟಿ, ತಾಂಡಾಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ರಾಜ್ಯದಲ್ಲಿ ನಡೆಯುತ್ತಾ ಬಂದಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50 ಸಾವಿರ ಕುಟುಂಬಗಳಿಗೆ, ಹೆಚ್ಚಿನವು ಲಂಬಾಣಿ ತಾಂಡಾಗಳವು, ಹಕ್ಕುಪತ್ರ ಕೊಟ್ಟರಲ್ಲ, ಅದು ಈ ಕೆಲಸದ ಭಾಗವೇ. ನಿಮ್ಮ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ, ನಿಮ್ಮ ಹಟ್ಟಿ ಆ ಪಟ್ಟಿಯಲ್ಲಿ ಇದೆಯಾ ಅಂತ. ಇಲ್ಲದಿದ್ದರೆ ತಹಶೀಲ್ದಾರರಿಗೆ ಅರ್ಜಿ. ಪಂಚಾಯಿತಿಯ ನಡಾವಳಿ ಜೊತೆಗಿದ್ದರೆ ಒಳ್ಳೆಯದು.

ಹೆಸರಿನಿಂದ ಏನು ಲಾಭ ಅಂದುಕೊಳ್ಳಬೇಡಿ. ಹೆಸರಿಲ್ಲದಿದ್ದರೆ ಮೂಲ ಗ್ರಾಮಕ್ಕೆ ಬಸ್ಸು ಬಂದ ದಿನವೇ ಕಾಗದದಲ್ಲಿ ನಿಮಗೂ ಬಸ್ಸು ಬಂದಂತೆ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತೇವೆ. ಊರಲ್ಲಿ ಅಪ್ಪ, ಅಮ್ಮ, ನಮ್ಮ ಚಿಕ್ಕ ಮಗಳು ಇದ್ದಾರೆ. ಗಣತಿ ಬಂದಾಗ ಊರಲ್ಲೇ ನಮ್ಮ ಹೆಸರನ್ನೂ ಬರೆಸಬಹುದಾ? ಜನಸಂಖ್ಯೆ ಜಾಸ್ತಿ ಆದರೆ ರಸ್ತೆ ಬರುತ್ತೆ ಅಂತ ಮೆಂಬರ್ ಹೇಳುತ್ತಾರೆ.
— ಓದುಗರು, ಮೂಲ ಊರು ಯಾದಗಿರಿ ಜಿಲ್ಲೆ

ಉತ್ತರ: ಮೆಂಬರ್ ಲೆಕ್ಕಾಚಾರ ಚೆನ್ನಾಗಿದೆ, ಆದರೆ ನಿಯಮಕ್ಕೆ ಹೊಂದುವುದಿಲ್ಲ. 2011ರಲ್ಲಿ ನಾವು ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. ಅಷ್ಟೂ ದಿನ ಒಬ್ಬ ವ್ಯಕ್ತಿ ಊರಲ್ಲಿ ಇಲ್ಲವೆಂದರೆ ಊರಲ್ಲಿ ಬರೆಯುವಂತಿರಲಿಲ್ಲ. ಎಲ್ಲಿದ್ದಾರೋ ಅಲ್ಲಿ. ನಡುವೆ ವಾಪಸು ಬರುವವರಿದ್ದರೆ ಮನೆಯಲ್ಲೇ ಬರೆಯುತ್ತಿದ್ದೆವು. ಅಜ್ಜಿ ಹತ್ತಿರ ಇರುವ ಮಗಳು ಊರಿನ ಲೆಕ್ಕ, ಬೆಂಗಳೂರಿನ ಶೆಡ್ಡಿನಲ್ಲಿರುವ ನೀವು ಬೆಂಗಳೂರಿನ ಲೆಕ್ಕ. ಎರಡು ಕಡೆ ಬರೆಸಬೇಡಿ. ಅಲ್ಲಿಯೂ ಬಿಟ್ಟುಹೋಗಬೇಡಿ, ಅದೇ ಜಾಸ್ತಿ ಆಗುವುದು. ಶೆಡ್ಡಿಗೆ ಗಣತಿಯವರು ಬಾರದಿದ್ದರೆ ನೀವೇ ಕೇಳಿಕೊಂಡು ಹೋಗಿ. ಈ ಸಲ ಮೊಬೈಲಿನಲ್ಲಿ ಸ್ವಂತ ವಿವರ ತುಂಬುವ ಅವಕಾಶವೂ ಇದೆ.

ಆದರೆ ನಿಮ್ಮ ಪ್ರಶ್ನೆಯ ಒಳಗಿರುವ ನೋವು ನನಗೆ ಗೊತ್ತು. ಫೆಬ್ರವರಿ ಅಂದರೆ ನಮ್ಮ ಕಡೆಯ ತಾಂಡಾಗಳಲ್ಲಿ ಜನ ಇರುವ ಕಾಲವಲ್ಲ. ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿನ ಕಡೆ, ಕಬ್ಬು ಕಡಿಯಲು ಇನ್ನೊಂದು ಕಡೆ ಹೋಗಿರುತ್ತಾರೆ. ನಾನು ಹೋದ ತಾಂಡಾದಲ್ಲಿ ಸಾಲು ಸಾಲು ಬೀಗ. ಜಗಲಿ ಮೇಲೆ ಮುದುಕರು, ಅವರ ಮಡಿಲಲ್ಲಿ ಮಕ್ಕಳು. ಒಬ್ಬ ಅಜ್ಜಿ ನನ್ನ ಫಾರಂ ನೋಡಿ, ‘ಯುಗಾದಿಗೆ ಬಾ ತಾಯಿ, ಊರು ತುಂಬಿರ್ತದೆ’ ಅಂದಳು. ಗಣತಿ ಯುಗಾದಿಗೆ ಕಾಯುವುದಿಲ್ಲವಲ್ಲ. ಫೆಬ್ರವರಿಯಲ್ಲಿ ಕಂಡಷ್ಟೇ ಆ ತಾಂಡಾದ ಜನಸಂಖ್ಯೆ ಆಯಿತು.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಐನೂರು ಜನ ಇಲ್ಲ ಅಂತ ಡಾಂಬರು ರಸ್ತೆ ಸಿಗಲಿಲ್ಲ. ಪಕ್ಕದ ಕೇರಿ ಸೇರಿಸಿದರೆ ಐನೂರು ದಾಟುತ್ತದೆ. ಸೇರಿಸಬಹುದಾ?
— ಓದುಗರು, ಪಾವಗಡ ತಾಲೂಕು

ಉತ್ತರ: ದೂರ ಅಳೆಯಿರಿ. ನೀವು ಹೇಳುತ್ತಿರುವ ಐನೂರು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯದು. 2000ದ ಡಿಸೆಂಬರ್ 25ಕ್ಕೆ ಶುರುವಾದದ್ದು. ಬಯಲು ಸೀಮೆಯಲ್ಲಿ 500 ಜನ, ಗುಡ್ಡಗಾಡು, ಮರುಭೂಮಿ, ಬುಡಕಟ್ಟು ಪ್ರದೇಶದಲ್ಲಿ 250 ಜನ ಇರುವ ವಸತಿಗಳಿಗೆ ಸರ್ವಋತು ರಸ್ತೆ ಕೊಡುವುದು ಅದರ ಗುರಿ. ಇಲ್ಲೊಂದು ಒಳ್ಳೆಯ ಅಂಶವಿದೆ. ಅದು ಲೆಕ್ಕ ಹಿಡಿಯುವುದು ಕಂದಾಯ ಗ್ರಾಮವನ್ನಲ್ಲ, ಜನ ಗುಂಪಾಗಿ ವಾಸ ಇರುವ ಜಾಗವನ್ನು. 500 ಮೀಟರ್ ಒಳಗಿನ ಕೇರಿಗಳ ಜನರನ್ನು ಕೂಡಿಸಿ ಎಣಿಸಲು ಅದರ ಮೂಲ ನಿಯಮದಲ್ಲೇ ಅವಕಾಶವಿದೆ. ನಿಮ್ಮ ಪಕ್ಕದ ಕೇರಿ ಅಷ್ಟರೊಳಗೆ ಇದ್ದರೆ ಕೇಳಿ. ಕಿಲೋಮೀಟರ್ ಆಚೆ ಇದ್ದರೆ ಆಗುವುದಿಲ್ಲ.

2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕ ನಾಲ್ಕನೇ ಹಂತ 2011ರ ಜನಸಂಖ್ಯೆಯ ಮೇಲೆ ನಿಂತಿದೆ. ದೇಶದಲ್ಲಿ ರಸ್ತೆ ಇಲ್ಲದ 25 ಸಾವಿರ ವಸತಿಗಳಿಗೆ 62,500 ಕಿಲೋಮೀಟರ್ ರಸ್ತೆ ಎಂದು ಲೆಕ್ಕ. ಮೊದಲ ಹಂತಗಳಲ್ಲಿ 2001ರ ಅಂಕಿ ಹಿಡಿಯುತ್ತಿದ್ದರು. ಆಗ 500ಕ್ಕೆ ಸ್ವಲ್ಪದರಲ್ಲಿ ತಪ್ಪಿದ ಊರುಗಳು 2011ರಲ್ಲಿ ದಾಟಿರಬಹುದು. ಹಳೆಯ ತಿರಸ್ಕಾರದ ಕಾಗದ ಇಟ್ಟುಕೊಂಡು ಕೂರಬೇಡಿ, ಹೊಸದಾಗಿ ಹಾಕಿ. ರಾಜ್ಯದ್ದೇ ಆದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆಯನ್ನೂ ಪಂಚಾಯಿತಿಯಲ್ಲಿ ವಿಚಾರಿಸಿ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ಬೆಳಿಗ್ಗೆ ಒಂದೇ ಬಸ್ಸು. ನಮ್ಮ ಸ್ಟಾಪಿಗೆ ಬರುವಷ್ಟರಲ್ಲಿ ತುಂಬಿರುತ್ತದೆ, ನಿಲ್ಲಿಸುವುದೇ ಇಲ್ಲ. ಊರಲ್ಲಿ ಸಾವಿರ ಜನ ಇದ್ದೇವೆ. ಇನ್ನೊಂದು ಬಸ್ಸು ಕೊಡಿ ಅಂತ ಮೂರು ಕಡೆ ಅರ್ಜಿ ಕೊಟ್ಟರೂ ಉತ್ತರ ಇಲ್ಲ. ಹೆಸರು, ಊರು ಹಾಕಬೇಡಿ.

ಉತ್ತರ: ಹಾಕಿಲ್ಲ ಕಣಮ್ಮ. ನಿನ್ನ ಅರ್ಜಿಯ ಪ್ರತಿ ಕಳಿಸಿದ್ದು ಒಳ್ಳೆಯದಾಯಿತು. ನಮ್ಮ ಯಜಮಾನರಿಗೆ ಓದಲು ಕೊಟ್ಟೆ. ಕನ್ನಡಕ ತೆಗೆದು, ‘ಇದರಲ್ಲಿ ಊರಿನ ಜನಸಂಖ್ಯೆ ಇದೆ, ಬಸ್ಸು ಹತ್ತುವವರ ಸಂಖ್ಯೆ ಇಲ್ಲ’ ಅಂದರು. ಡಿಪೋದವರಿಗೆ ನಿಮ್ಮೂರಲ್ಲಿ ಸಾವಿರ ಜನ ಇದ್ದಾರೋ ಎರಡು ಸಾವಿರವೋ ಮುಖ್ಯವಲ್ಲ. ಎಷ್ಟು ಹೊತ್ತಿಗೆ, ಯಾವ ಸ್ಟಾಪಿನಲ್ಲಿ, ಎಷ್ಟು ಜನ, ಎಲ್ಲಿಗೆ ಹೋಗಲು ನಿಂತಿದ್ದಾರೆ ಎನ್ನುವುದು ಮುಖ್ಯ. ಸಾವಿರ ಜನರಲ್ಲಿ ಅರ್ಧ ಹೊಲಕ್ಕೆ, ಕಾಲು ಭಾಗ ಬೈಕಿನಲ್ಲಿ. ಬಸ್ಸಿಗೆ ನಿಲ್ಲುವುದು ನೀವು ಓದುವ ಮಕ್ಕಳು, ಗಾರ್ಮೆಂಟಿಗೆ ಹೋಗುವ ಹೆಂಗಸರು, ಆಸ್ಪತ್ರೆಗೆ ಹೋಗುವ ವಯಸ್ಸಾದವರು.

ಸ್ವಾರಸ್ಯ ಏನೆಂದರೆ ಗಣತಿಯಲ್ಲೂ ಪ್ರಯಾಣದ ಪ್ರಶ್ನೆ ಇತ್ತು. 2011ರಲ್ಲಿ ನಮಗೆ ಕೊಟ್ಟದ್ದು 29 ಪ್ರಶ್ನೆಗಳು. ಕೆಲಸದ ಜಾಗ ಎಷ್ಟು ದೂರ, ಹೇಗೆ ಹೋಗುತ್ತೀರಿ, ನಡೆದೋ, ಸೈಕಲ್ಲೋ, ಬಸ್ಸೋ ಎಂಬುದೂ ಅದರಲ್ಲಿ ಸೇರಿತ್ತು. ಆದರೆ ಸ್ವಂತ ಬೇಸಾಯ ಮಾಡುವವರಿಗೆ, ಕೂಲಿ ರೈತರಿಗೆ ಆ ಪ್ರಶ್ನೆ ಇರಲಿಲ್ಲ. ಬೇರೆ ಕೆಲಸದವರಿಗೆ ಮಾತ್ರ. ಕಾಲೇಜಿಗೆ ಹೋಗುವವರ ಬಸ್ಸಿನ ಕಷ್ಟ ಆ ಕಲಮಿನಲ್ಲಿ ಎಲ್ಲಿಂದ ಕಾಣಬೇಕು?

ಈಗ ನಿಮ್ಮ ಕೆಲಸ ಇದು. ಮುಂದಿನ ಸೋಮವಾರದಿಂದ ಒಂದು ವಾರ, ಒಂದು ನೋಟ್‌ಬುಕ್ ಹಿಡಿದು ಸ್ಟಾಪಿನಲ್ಲಿ ಬರೆದುಕೊಳ್ಳಿ. ಬಸ್ಸು ಬಂದ ಸಮಯ, ನಿಂತಿತೋ ಇಲ್ಲವೋ, ಎಷ್ಟು ಜನ ಹತ್ತಿದರು, ಎಷ್ಟು ಜನ ಉಳಿದರು, ಉಳಿದವರು ಎಲ್ಲಿಗೆ ಹೋಗಬೇಕಿತ್ತು. ನಿಮ್ಮ ಹಿಂದಿನ, ಮುಂದಿನ ಎರಡು ಊರಿನ ಮಕ್ಕಳಿಗೂ ಇದನ್ನೇ ಮಾಡಲು ಹೇಳಿ. ಪಾಸ್ ಇರುವ ವಿದ್ಯಾರ್ಥಿಗಳ ಪಟ್ಟಿ ಮಾಡಿ, ಪಾಸ್ ನಂಬರ್ ಸಮೇತ. ಕಾಲೇಜು ಎಷ್ಟು ಗಂಟೆಗೆ ಶುರು ಎಂದು ಪ್ರಾಂಶುಪಾಲರ ಪತ್ರ. ಪಂಚಾಯಿತಿಯ ನಡಾವಳಿ. ಇಷ್ಟನ್ನು ಡಿಪೋ ಮ್ಯಾನೇಜರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಒಂದು ಪ್ರತಿ ಡಿಸಿಗೆ. ನೀವು ಒಂದನ್ನು ಜಿಲ್ಲಾಧಿಕಾರಿ ಕಚೇರಿಗೆ ಹಾಕಿದ್ದೀರಿ. ಡಿಪೋದವರ ಬಾಯಲ್ಲಿ ಡಿಸಿ ಅಂದರೆ ವಿಭಾಗೀಯ ನಿಯಂತ್ರಣಾಧಿಕಾರಿ, ಬಸ್ಸಿನ ವಿಭಾಗದ ಮುಖ್ಯಸ್ಥರು. ಆ ವಿಳಾಸಕ್ಕೆ ಹೋಗಬೇಕು.

ಹೊಸ ಬಸ್ಸೇ ಬೇಕು ಅಂತ ಹಟ ಹಿಡಿಯಬೇಡಿ, ಇದು ಯಜಮಾನರ ಮಾತು. ಹೊಸ ಬಸ್ಸು ಅಂದರೆ ಒಂದು ವಾಹನ, ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್, ಇಡೀ ದಿನದ ಶೆಡ್ಯೂಲ್. ಕೊಡುವವರಿಗೆ ಕಷ್ಟ. ಇರುವ ಶೆಡ್ಯೂಲಿನಲ್ಲಿ ಒಂದು ಟ್ರಿಪ್ಪನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡುವುದು, ಮುಖ್ಯ ರಸ್ತೆಯಲ್ಲಿ ಖಾಲಿ ಹೋಗುವ ಬಸ್ಸನ್ನು ಬೆಳಿಗ್ಗೆ ಒಂದು ಸಲ ಊರೊಳಗೆ ತಿರುಗಿಸುವುದು, ಮೇಲಿನ ಊರಿನಿಂದ ಹೊರಡುವುದನ್ನು ನಿಮ್ಮೂರಿಂದ ಹೊರಡಿಸುವುದು, ಇವು ಡಿಪೋ ಮಟ್ಟದಲ್ಲಿ ಮಾತಾಡಿ ಆಗುವ ಕೆಲಸ. ಅರ್ಜಿಯಲ್ಲಿ ಇದನ್ನೇ ಕೇಳಿ.

ಇನ್ನೊಂದು, ರಾತ್ರಿ ಹಾಲ್ಟಿಂಗ್ ಬಸ್ಸು. ರಾತ್ರಿ ಊರಿಗೆ ಬಂದು ಮಲಗಿ ಬೆಳಿಗ್ಗೆ ಹೊರಡುವ ಬಸ್ಸು ನಿಮ್ಮಂಥವರಿಗೆ ಎಲ್ಲಕ್ಕಿಂತ ಒಳ್ಳೆಯದು. ಅದು ನಿಮ್ಮೂರಿಂದ ಖಾಲಿಯಾಗಿ ಹೊರಡುತ್ತದೆ, ನಿಮಗೆ ಸೀಟು ಸಿಗುತ್ತದೆ. ಎಷ್ಟೋ ಊರುಗಳು ಇಂಥ ಬಸ್ಸನ್ನು ಕಳೆದುಕೊಂಡಿವೆ. ಕಾರಣ ಹೇಳಿದರೆ ನಗಬೇಡಿ. ಡ್ರೈವರ್, ಕಂಡಕ್ಟರಿಗೆ ಮಲಗಲು ಜಾಗ ಇಲ್ಲ. ಬಸ್ಸಿನಲ್ಲೇ ಸೊಳ್ಳೆ ಕಚ್ಚಿಸಿಕೊಂಡು ಮಲಗಬೇಕು, ಬೆಳಿಗ್ಗೆ ಚೊಂಬು ಹಿಡಿದು ಬೇಲಿ ಸಾಲಿಗೆ ಹೋಗಬೇಕು. ಯಾರು ಆ ಡ್ಯೂಟಿ ಕೇಳುತ್ತಾರೆ? ನಾನು ಕೆಲಸ ಮಾಡಿದ ಒಂದು ಊರಿನವರು ಸಮುದಾಯ ಭವನದ ಒಂದು ಕೋಣೆಗೆ ಫ್ಯಾನು ಹಾಕಿಸಿ, ಕಕ್ಕಸಿಗೆ ನೀರು ಬಿಡಿಸಿ, ಬೀಗದ ಕೈ ಕಂಡಕ್ಟರಿಗೆ ಕೊಟ್ಟರು. ರಾತ್ರಿ ಊಟ ಸರದಿ ಮೇಲೆ ಮನೆಗಳಿಂದ. ನಾನು ಅಲ್ಲಿಂದ ವರ್ಗವಾಗುವವರೆಗೂ ಆ ಬಸ್ಸು ನಿಲ್ಲಲಿಲ್ಲ. ಬಸ್ಸು ತಿರುಗಿಸಲು ಜಾಗ ಇದೆಯಾ, ರಸ್ತೆಗೆ ಬಾಗಿದ ಜಾಲಿ ಕೊಂಬೆ ಕಡಿಸಿದ್ದೀರಾ, ಮೋರಿ ಗಟ್ಟಿ ಇದೆಯಾ, ಅದನ್ನೂ ನೋಡಿಕೊಳ್ಳಿ. ಹೊಸ ಮಾರ್ಗಕ್ಕೆ ಮೊದಲು ಬಂದು ನೋಡುವುದು ಇದನ್ನೇ.

ಕೊನೆಗೆ, ಶಕ್ತಿ ಯೋಜನೆಯ ಟಿಕೆಟ್. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಹಣ ಇಲ್ಲ, ಆದರೆ ಶೂನ್ಯ ಟಿಕೆಟ್ ಇದೆ. ನಮ್ಮ ಅಕ್ಕತಂಗಿಯರಲ್ಲಿ ಕೆಲವರು, ‘ಎರಡು ಸ್ಟಾಪ್ ತಾನೇ, ಬಿಡಪ್ಪ’ ಅಂತ ತೆಗೆದುಕೊಳ್ಳುವುದೇ ಇಲ್ಲ. ಹಾಗೆ ಮಾಡಬೇಡಿ. ಆ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ಕೊಡಬೇಕು. ಟಿಕೆಟ್ ಹರಿಯದಿದ್ದರೆ ಮೆಷಿನ್ನಿನಲ್ಲಿ ನೀವು ಹತ್ತಿಯೇ ಇಲ್ಲ. ಸ್ಟಾಪಿನಲ್ಲಿ ಮೂವತ್ತು ಹೆಂಗಸರು ಹತ್ತಿ ಹತ್ತು ಟಿಕೆಟ್ ಹರಿದರೆ, ಡಿಪೋದಲ್ಲಿ ಕೂತು ನೋಡುವವರಿಗೆ ಅದು ಹತ್ತು ಜನರ ಸ್ಟಾಪು.

ಪ್ರಶ್ನೆ: ನಮ್ಮ ಕಡೆ ಖಾಸಗಿ ಬಸ್ಸುಗಳೇ. ಕೊರೊನಾ ಆದ ಮೇಲೆ ನಮ್ಮ ಊರಿನ ಬಸ್ಸು ಮತ್ತೆ ಬರಲೇ ಇಲ್ಲ. ಮಾಲೀಕರನ್ನು ಕೇಳಿದರೆ ಲಾಸು ಅನ್ನುತ್ತಾರೆ.
— ಮಲೆನಾಡಿನ ಓದುಗರು

ಉತ್ತರ: ಲಾಸು ನಿಜ ಇರಬಹುದು. ಮನೆಗಳು ದೂರ ದೂರ, ಮನೆಗೊಂದು ಸ್ಕೂಟರ್ ಬೇರೆ. ಆದರೆ ಪರ್ಮಿಟ್ ಎನ್ನುವುದು ಇಂಥ ಮಾರ್ಗದಲ್ಲಿ, ಇಂಥ ಸಮಯಕ್ಕೆ ಓಡಿಸುತ್ತೇನೆ ಎಂದು ಒಪ್ಪಿ ಪಡೆದದ್ದು. ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಆ ಪರ್ಮಿಟ್ ಇನ್ನೂ ಇದೆಯಾ, ಸರೆಂಡರ್ ಆಗಿದೆಯಾ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಇದ್ದೂ ಓಡಿಸುತ್ತಿಲ್ಲ ಎಂದರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ದೂರು. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ, ಇಲ್ಲಿ ನಿಜವಾದ ಡಿಸಿಯೇ. ಪರ್ಮಿಟ್ ಬಿಟ್ಟುಕೊಟ್ಟಿದ್ದರೆ ಸರ್ಕಾರಿ ಬಸ್ಸು ಕೇಳಲು ಅದೇ ಒಳ್ಳೆಯ ಆಧಾರ.

ಪ್ರಶ್ನೆ: ಜನ ಕಡಿಮೆಯಾಗಿ ಬಸ್ಸು ನಿಂತಿತಾ, ಬಸ್ಸು ನಿಂತು ಜನ ಕಡಿಮೆಯಾದರಾ?
— ಓದುಗರು, ಕೊರಟಗೆರೆ ತಾಲೂಕು

ಉತ್ತರ: ಎರಡೂ ಆಗುತ್ತದೆ. ಆದರೆ ನನ್ನ ಶಾಲೆಯ ಹಾಜರಿ ಪುಸ್ತಕ ನೋಡಿ ಹೇಳುವುದಾದರೆ ಬಸ್ಸು ಮೊದಲು. ಮಗಳು ಏಳನೇ ತರಗತಿ ಮುಗಿಸಿದ ವರ್ಷ ಮನೆಯವರು ಯೋಚನೆಗೆ ಬೀಳುತ್ತಾರೆ. ಹೈಸ್ಕೂಲಿಗೆ ಹೋಗಿ ಕತ್ತಲಾಗುವ ಮೊದಲು ವಾಪಸು ಬರಲು ಬಸ್ಸಿದ್ದರೆ ಊರಲ್ಲೇ ಉಳಿಯುತ್ತಾರೆ. ಇಲ್ಲದಿದ್ದರೆ ತಾಲೂಕಿನಲ್ಲಿ ಒಂದು ಬಾಡಿಗೆ ಕೋಣೆ ಹುಡುಕುತ್ತಾರೆ, ಅಥವಾ ಹುಡುಗಿಯ ಓದು ನಿಲ್ಲಿಸುತ್ತಾರೆ. ಅಕ್ಕನ ಹಿಂದೆ ಚಿಕ್ಕವರ ಟಿಸಿಯೂ ಹೋಗುತ್ತದೆ. ಗಂಡುಮಕ್ಕಳಿಗೆ ಬೈಕು ಬಂದ ಮೇಲೆ ಊರಿನ ದೊಡ್ಡವರಿಗೆ ಬಸ್ಸಿನ ಚಿಂತೆಯೇ ಹೋಯಿತು. ಗ್ರಾಮಸಭೆಯಲ್ಲಿ ಮಾತಾಡುವವರು ಬಸ್ಸು ಹತ್ತುವುದಿಲ್ಲ, ಬಸ್ಸು ಹತ್ತುವವರು ಗ್ರಾಮಸಭೆಯಲ್ಲಿ ಹಿಂದೆ ಕೂರುತ್ತಾರೆ. ಮುಂದೆ ಬಂದು ಕೂತುಕೊಳ್ಳಿ ಅಂತ ನಾನು ಹೇಳಿ ಹೇಳಿ ಸಾಕಾಗಿದೆ.

ಪ್ರಶ್ನೆ: ನನಗೆ ಅರವತ್ತಮೂರು. ಹೆಂಡತಿಗೆ ಫ್ರೀ. ನನಗೆ ಪೂರ್ತಿ ಚಾರ್ಜು. ಇದು ನ್ಯಾಯವಾ?
— ಓದುಗರು, ಚಳ್ಳಕೆರೆ ತಾಲೂಕು

ಉತ್ತರ: ಪೂರ್ತಿ ಯಾಕೆ ಕೊಡುತ್ತಿದ್ದೀರಿ? ಅರವತ್ತು ದಾಟಿದವರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶೇ 25 ರಿಯಾಯಿತಿ ಇದೆ. ಟಿಕೆಟ್ ಹರಿಯುವ ಮೊದಲೇ ವಯಸ್ಸಿರುವ ಗುರುತಿನ ಚೀಟಿ ತೋರಿಸಿ. ಹರಿದ ಮೇಲೆ ತೋರಿಸಿದರೆ ಕಂಡಕ್ಟರ್ ಏನೂ ಮಾಡಲಾರ. ಉಳಿದ ಮುಕ್ಕಾಲನ್ನು ನಿಮ್ಮ ಮನೆಯವರ ಹತ್ತಿರ ಕೇಳಿ ನೋಡಿ, ಅವರಿಗೆ ಬಸ್ ಖರ್ಚು ಉಳಿದಿರುತ್ತದಲ್ಲ.